ಚರ್ಮ ಕೆಂಪಾದರೆ ವಿಷ ಇಳಿಯಿತೇ?

ಸ್ನಾಯು ಬಿಗಿತಕ್ಕೆ ಫಿಸಿಯೋಥೆರಪಿಸ್ಟರು ಮಾಡುವ ಗೀರುವ ಚಿಕಿತ್ಸೆಯೊಂದಿದೆ. ಮೀನಖಂಡಕ್ಕೆ ಎಣ್ಣೆ ಸವರಿ, ಬಾಗಿದ ಸ್ಟೀಲ್ ಪಟ್ಟಿಯ ಅಂಚಿನಿಂದ ಒಂದಷ್ಟು ಹೊತ್ತು ಬಲವಾಗಿ ಗೀರಿದರೆ ಕೆಂಪು ಚುಕ್ಕೆಗಳೇಳುತ್ತವೆ. 'ನೋಡಿ, ಒಳಗಿನ ವಿಷ ಹೊರಗೆ ಬರ್ತಿದೆ' ಅನ್ನುವವರಿದ್ದಾರೆ. ವಿಷವೂ ಇಲ್ಲ, ಮಣ್ಣೂ ಇಲ್ಲ. ಚರ್ಮದಡಿಯ ಲೋಮನಾಳಗಳು ಒಡೆದು ರಕ್ತ ಜಿನುಗಿದೆ, ಅಷ್ಟೆ. ಮಂಚದ ಕಾಲಿಗೆ ಕಾಲು ಬಡಿದರೂ ಆಗುವುದು ಇದೇ. 'ಲ್ಯಾಕ್ಟಿಕ್ ಆಮ್ಲ ತೆಗೀತೀವಿ' ಎಂಬುದೂ ಅದೇ ಜಾತಿಯ ಮಾತು. ಓಟದಲ್ಲಿ ಏರಿದ ಲ್ಯಾಕ್ಟೇಟ್ ಒಂದೆರಡು ಗಂಟೆಯಲ್ಲಿ ತಾನಾಗಿ ಇಳಿದಿರುತ್ತದೆ. ಮೈಕೈ ಹಿಡಿದುಕೊಳ್ಳುವುದು ಮರುದಿನ.

ತಮಾಷೆಯೆಂದರೆ, ಹಿಂದೆ ಲೆಕ್ಕ ಉಲ್ಟಾ ಇತ್ತು. ಗ್ರೀಕ್ ಕ್ರೀಡಾಪಟುಗಳು ಎಣ್ಣೆ ಹಚ್ಚಿಕೊಂಡು ಕಸರತ್ತು ಮಾಡಿ, ಆಮೇಲೆ ಸ್ಟ್ರಿಜಿಲ್ ಎಂಬ ಬಾಗಿದ ಲೋಹದ ಪಟ್ಟಿಯಿಂದ ಮೈಯ ಎಣ್ಣೆ, ಬೆವರು, ಧೂಳನ್ನು ಹೆರೆದುಕೊಳ್ಳುತ್ತಿದ್ದರು. ಆ ಹೆರೆದ ಕೊಳೆಯೇ ಔಷಧಿಯಾಗಿ ಮಾರಾಟವಾಗುತ್ತಿತ್ತು. ರೋಮಿನ ಪ್ಲಿನಿ ಇದನ್ನು ಬರೆದಿಟ್ಟಿದ್ದಾನೆ! ಚರ್ಮ ಗೀರುವ ಚೀನಾದ ಪದ್ಧತಿ ಗುವಾ ಶಾದಲ್ಲಿ ನಾಣ್ಯ, ಚಮಚ, ಕೊಂಬು ಬಂದವು. 1990ರ ದಶಕದಲ್ಲಿ ಅಮೆರಿಕದ ಡೇವಿಡ್ ಗ್ರಾಸ್ಟನ್ ತನ್ನ ಮಂಡಿನೋವಿಗೆ ದಾರಿ ಹುಡುಕುತ್ತಾ ಸ್ಟೀಲಿನ ಉಪಕರಣ ಮಾಡಿಸಿದ. ಇಂದು ಫಿಸಿಯೋಗಳ ಚೀಲದಲ್ಲಿರುವುದು ಅದರ ಮರಿಮಕ್ಕಳು.

ಇದು ಸ್ನಾಯುವಿನ 'ಗಂಟು' ಒಡೆಯುತ್ತದೆಯೇ? 2008ರ ಒಂದು ಗಣಿತ ಮಾದರಿಯ ಪ್ರಕಾರ, ತೊಡೆಯ ಹೊರಬದಿಯ ಗಟ್ಟಿ ತಂತುಪೊರೆಯನ್ನು ಬರೀ ಶೇ. 1ರಷ್ಟು ಅದುಮಲೂ ಬೇಕಾಗುವ ಬಲ ಮನುಷ್ಯರ ಕೈಗೆ ಮೀರಿದ್ದು. ಗೋಣಿಚೀಲವನ್ನು ಚಮಚದಿಂದ ಗೀರಿ ಉದ್ದ ಮಾಡಿದಂತಾಯಿತು. ಆದರೂ ಗೀರಿದ ಮೇಲೆ ಕೀಲು ಮೊದಲಿಗಿಂತ ಹೆಚ್ಚು ಬಾಗುವುದು ಎಷ್ಟೋ ಸಲ ಕಂಡುಬರುತ್ತದೆ. ನನಗೆ ಖುಷಿ ಕೊಡುವ ಉತ್ತರ ನರವ್ಯೂಹದಲ್ಲಿದೆ. ಕೀಲು ಎಷ್ಟು ಬಾಗಬೇಕೆಂಬುದು ಸ್ನಾಯುವಿನ ಉದ್ದವೊಂದರಿಂದಲೇ ತೀರ್ಮಾನವಾಗುವುದಿಲ್ಲ, ಮಿದುಳಿನ ಅಪ್ಪಣೆಯೂ ಬೇಕು. ಮಿದುಳು ಅಪಾರ್ಟ್‌ಮೆಂಟಿನ ಕಾವಲುಗಾರನಿದ್ದಂತೆ. ಪರಿಚಿತ ಸ್ಪರ್ಶ ಪದೇಪದೇ ಬಂದರೆ ಗೇಟು ಸ್ವಲ್ಪ ಸಡಿಲಿಸುತ್ತಾನೆ, ಕಟ್ಟಡವೇನೂ ದೊಡ್ಡದಾಗುವುದಿಲ್ಲ. ಬೆದರಿದ ಎತ್ತಿನ ಬೆನ್ನು ಸವರಿದರೂ ಹೀಗೇ: ಎತ್ತು ಅದೇ, ಅಂಜಿಕೆ ಕಡಿಮೆ.

ಅಂಗಾಂಶಕ್ಕೆ ಏನೂ ಆಗುವುದಿಲ್ಲ ಎಂದಲ್ಲ. 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳ ಎರಡೂ ಮಂಡಿಯಲ್ಲಿ ಮೂಳೆಗಳನ್ನು ಬೆಸೆಯುವ ಅಸ್ಥಿರಜ್ಜಿಗೆ ಗಾಯ ಮಾಡಿ, ಒಂದೇ ಕಡೆ ಉಪಕರಣದಿಂದ ಉಜ್ಜಿದರು. ನಾಲ್ಕನೇ ವಾರಕ್ಕೆ ಉಜ್ಜಿದ ರಜ್ಜು ಶೇ. 43ರಷ್ಟು ಹೆಚ್ಚು ಬಲ ತೋರಿತು. 12ನೇ ವಾರಕ್ಕೆ ಬಲದಲ್ಲಿ ಎರಡೂ ಒಂದೇ. ಇಲಿ ಮ್ಯಾರಥಾನಿಗೆ ಹೆಸರು ಕೊಡುವುದಿಲ್ಲ, ಅದು ಬೇರೆ ಮಾತು.

ಸಡಿಲಾದ ಗೇಟು ಬಹಳ ಹೊತ್ತು ತೆರೆದಿರುವುದಿಲ್ಲ. ಹಾಗಾಗಿ ಕೆಲವು ನಿಮಿಷ ಹಗುರಾಗಿ ಗೀರಿ, ತಕ್ಷಣ ವ್ಯಾಯಾಮಕ್ಕಿಳಿಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇರುವವರು ಇದರ ತಂಟೆಗೇ ಹೋಗಬಾರದು. ವ್ಯಾಯಾಮದ ಪಾಲೆಷ್ಟು ಎಂಬುದಕ್ಕೆ ಸ್ವೀಡನ್ನಿನ ಮೂಳೆವೈದ್ಯ ಹಾಕನ್ ಆಲ್ಫ್ರೆಡ್‌ಸನ್ ಅವರನ್ನು ನೋಡಿ. ಹಿಮ್ಮಡಿ ಮೇಲಿನ ಅಕಿಲಿಸ್ ರಜ್ಜು ನೋಯುತ್ತಿದ್ದರೂ ಅವರಿಗೆ ಶಸ್ತ್ರಚಿಕಿತ್ಸೆ ಸಿಗಲಿಲ್ಲ. ರಜ್ಜು ಹರಿದೇ ಹೋಗಲಿ, ಆಗಲಾದರೂ ಮಾಡುತ್ತಾರೆ ಎಂದು ಹಟ ಹಿಡಿದು ಹಿಮ್ಮಡಿ ಇಳಿಸುವ ಕಸರತ್ತು ಶುರುಮಾಡಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ನೋವೇ ಹೋಯಿತು. 1998ರಲ್ಲಿ ಅದನ್ನೇ ಓಟಗಾರರಿಗೆ ಮಾಡಿಸಿ ಪ್ರಕಟಿಸಿದರು: ದಿನಕ್ಕೆ 180 ಸಲ, 12 ವಾರ. ಸ್ಟೀಲ್ ಪಟ್ಟಿ ಅಲ್ಲೆಲ್ಲೂ ಇರಲಿಲ್ಲ.