ತುಂಬಿದ ಕೊಡ ನಿಜವಾಗಿಯೂ ತುಳುಕುವುದಿಲ್ವಾ?

ಪ್ರಶ್ನೆ: ತುಂಬಿದ ಕೊಡ ತುಳುಕುವುದಿಲ್ಲ ಅಂತಾರೆ. ನಮ್ಮ ಮನೆಯಲ್ಲಿ ಬಕೆಟ್ ತುಂಬಿದಾಗಲೇ ನೆಲವೆಲ್ಲ ಒದ್ದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನೋದೇ ಸುಳ್ಳಾ?

ಉತ್ತರ: ಗಾದೆ ಹೇಳುವುದು ತಿಳಿದವರ ಬಗ್ಗೆ, ನೀರಿನ ಬಗ್ಗೆ ಅಲ್ಲ ಅಂತ ಹೇಳಿ ನಾನು ಜಾರಿಕೊಳ್ಳಬಹುದಿತ್ತು. ಆದರೆ ನೀವು ಕೇಳಿದ್ದು ನೀರಿನದ್ದು. ಸರಿ, ನೀರನ್ನೇ ನೋಡೋಣ.

ಮೊದಲ ತಪ್ಪು ನಿಮ್ಮದೇ. ಗಾದೆಯಲ್ಲಿರುವುದು ಕೊಡ, ನಿಮ್ಮ ಕೈಯಲ್ಲಿರುವುದು ಬಕೆಟ್. ಬಕೆಟ್ಟಿಗೆ ಬಾಯಿಯೇ ಎಲ್ಲಕ್ಕಿಂತ ಅಗಲ. ಅಂಚಿನವರೆಗೆ ತುಂಬಿಸಿದರೆ ನೀರು ಒಂಚೂರು ಅಲುಗಿದರೂ ಹೊರಗೆ. ಕೊಡಕ್ಕೆ ಹೊಟ್ಟೆ ದೊಡ್ಡದು, ಕುತ್ತಿಗೆ ಸಣ್ಣದು. ಅರ್ಧ ತುಂಬಿದ್ದರೆ ನೀರಿಗೆ ಹೊಟ್ಟೆಯಗಲ ಓಡಾಡಲು ಜಾಗವೋ ಜಾಗ. ಕುತ್ತಿಗೆವರೆಗೆ ಬಂದರೆ ಕಾಣುವ ನೀರು ಅಂಗೈಯಗಲ ಮಾತ್ರ. ಅಲೆ ಏಳುವುದಾದರೂ ಎಲ್ಲಿ?

ನಂಬಿಕೆ ಬರಲಿಲ್ಲ ಅಂತ ನಾನೂ 15 ಲೀಟರಿನ ಪ್ಲಾಸ್ಟಿಕ್ ಬಿಂದಿಗೆ ಹೊತ್ತು ನೋಡಿದೆ. ಅರ್ಧ ಇದ್ದಾಗ ನಲ್ಲಿಯಿಂದ ಅಡುಗೆಮನೆವರೆಗೂ ಗುಳುಕ್ ಗುಳುಕ್. ಭಾರ ಸೊಂಟದ ಮೇಲೆ ಅತ್ತಿತ್ತ ಎಳೆಯುತ್ತಿತ್ತು. ಕುತ್ತಿಗೆವರೆಗೆ ತುಂಬಿಸಿದಾಗ ಸದ್ದೇ ಇಲ್ಲ, ಹದಿನೈದು ಕೆಜಿ ಭಾರ ಅಷ್ಟೇ. ಆಸೆಪಟ್ಟು ಬಾಯಿವರೆಗೆ ತುಂಬಿಸಿದೆ ನೋಡಿ, ಅಂಗಿ ನೆನೆಯಿತು. ನಮ್ಮಜ್ಜಿ ಸಿಂಬೆ ಇಟ್ಟು ಬಾವಿ ನೀರು ಹೊತ್ತವರು. ಬಾಯಿಗೆ ನಾಲ್ಕು ಬೆರಳು ಕಮ್ಮಿ ಇರುವಾಗಲೇ ನಿಲ್ಲಿಸಿ, ಮೇಲೊಂದು ಎಲೆ ತೇಲಿ ಬಿಡುತ್ತಿದ್ದರು. ಅವರ ಲೆಕ್ಕದಲ್ಲಿ ‘ತುಂಬಿದ್ದು’ ಅಂದರೆ ಅಷ್ಟೇ.

ಟ್ಯಾಂಕರಿನವರಿಗೂ ಇದೇ ತಲೆನೋವು. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ. ನುಗ್ಗುವುದನ್ನು ತಡೆಯಲೆಂದೇ ಒಳಗೆ ತೂತಿರುವ ಅಡ್ಡ ತಗಡುಗಳನ್ನು ಕೂರಿಸುತ್ತಾರೆ.

ಇನ್ನು ಕಾಫಿ. ನಡೆಯುವಾಗ ಕಪ್ಪಿನ ಕಾಫಿ ಯಾಕೆ ಚೆಲ್ಲುತ್ತದೆ ಅಂತ ಲೆಕ್ಕ ಹಾಕಿದ ಇಬ್ಬರು ವಿಜ್ಞಾನಿಗಳಿಗೆ 2012ರಲ್ಲಿ ಇಗ್ ನೊಬೆಲ್ ಸಿಕ್ಕಿತು. ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ನಮ್ಮ ಹೆಜ್ಜೆಯ ತಾಳವೂ ಕಪ್ಪಿನೊಳಗಿನ ಅಲೆಯ ತಾಳವೂ ಹತ್ತಿರ ಹತ್ತಿರ ಬರುವುದೇ ಕಾರಣವಂತೆ. ಮೇಲೆ ನೊರೆ ಇದ್ದರೆ ತುಳುಕುವುದು ಕಡಿಮೆ. ಎತ್ತಿ ಹೊಯ್ದು ನೊರೆ ಬರಿಸಿದ ಫಿಲ್ಟರ್ ಕಾಫಿಯವರು ಖುಷಿಪಡಬಹುದು.

ಉಳಿದ ಗಾದೆಗಳನ್ನೂ ಹೀಗೆ ಪರೀಕ್ಷಿಸಬಹುದಾ ಅಂದರೆ, ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಒಂದನ್ನು ದಯವಿಟ್ಟು ಬಿಟ್ಟುಬಿಡಿ. ಬೊಗಳುವ ನಾಯಿ ಕಚ್ಚುತ್ತದೆ. ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

‘ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ’ ಅನ್ನುವುದು ಕತ್ತೆಗೆ ಮಾಡಿದ ಅನ್ಯಾಯ. ಅದರ ಮೂಗು ನಮ್ಮದಕ್ಕಿಂತ ಚುರುಕು. ಹೊಸ ವಾಸನೆ ಬಂದರೆ ಮೇಲ್ದುಟಿ ಮಡಚಿ, ಹಲ್ಲು ಕಿರಿದು, ಗಾಳಿಯನ್ನು ಒಳಗೆಳೆದು ಪರೀಕ್ಷಿಸುತ್ತದೆ. ತೋರಿಸೋಣವೆಂದರೆ ಕಸ್ತೂರಿ ಮೃಗಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಹಾಗಾಗಿ ನಿಮಗೆ ಕತ್ತೆ ಸಿಕ್ಕರೂ ಕಸ್ತೂರಿ ಸಿಗುವುದಿಲ್ಲ.