ಆಲೆಮನೆಯ ಲೋಳೆ, ಕತ್ತಿನ ಪೈಪಿನ ಲೋಳೆ

ಮಂಡ್ಯದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರಮಾವನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಆಗಿನ್ನೂ ಕೈಗೆ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದು ಕೈಯ ರಕ್ತನಾಳಗಳನ್ನೇ ಜೋಡಿಸುವ ಶಸ್ತ್ರಚಿಕಿತ್ಸೆ, ಮಾಡಿಸಿರಲಿಲ್ಲ. ಕತ್ತಿನ ದೊಡ್ಡ ರಕ್ತನಾಳಕ್ಕೆ ಇಳಿಬಿಟ್ಟ ಕ್ಯಾಥೆಟರ್‌ನಿಂದಲೇ ರಕ್ತ ಹೊರಗೆ ಬಂದು, ಶುದ್ಧವಾಗಿ ಒಳಗೆ ಹೋಗುತ್ತಿತ್ತು. ಮನೆಯಲ್ಲಿ ಎಲ್ಲರೂ ಅದನ್ನು 'ಕತ್ತಿನ ಪೈಪು' ಎನ್ನುತ್ತಿದ್ದರು. ಒಂದು ದಿನ ಮಷಿನ್ ಶುರುವಾದ ಸ್ವಲ್ಪ ಹೊತ್ತಿಗೇ ಗಡಗಡ ನಡುಕ, ಜ್ವರ. ಮನೆಗೆ ಬಂದ ಮೇಲೆ ಇಳಿಯಿತು. ಮುಂದಿನ ಸಲ ಮಷಿನ್‌ಗೆ ಹಾಕಿದಾಗ ಮತ್ತೆ ಅದೇ ನಡುಕ. ಆಂಟಿಬಯಾಟಿಕ್ ಕೊಟ್ಟರೂ ನಿಲ್ಲಲಿಲ್ಲ. ಕೊನೆಗೆ ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯ, ವರದಿಯಲ್ಲಿ ಸಿಕ್ಕಿದ್ದು ಕ್ಯಾಂಡಿಡಾ ಎಂಬ ಶಿಲೀಂಧ್ರ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಅದಕ್ಕೆ ನಾಟುವುದೇ ಇಲ್ಲ.

ನಡುಕ ಬಂದ ಹೊತ್ತಿನಲ್ಲೇ ಸುಳಿವಿತ್ತು. ಶಿಲೀಂಧ್ರ ಮನೆ ಮಾಡಿದ್ದು ಪೈಪಿನ ಒಳಗೋಡೆಯಲ್ಲಿ. ಮಷಿನ್ ರಕ್ತವನ್ನು ಜೋರಾಗಿ ಹರಿಸಿದೊಡನೆ ಅದರ ಕೋಶಗಳು ಕಿತ್ತು ಮೈಗೆಲ್ಲ ಹರಡುತ್ತಿದ್ದವು.

ಡಾಕ್ಟರು ಪೈಪನ್ನೇ ತೆಗೆಯಬೇಕು ಎಂದಾಗ ನನಗೆ ಸಂಕಟವಾಯಿತು. ಅದನ್ನು ಹಾಕಿಸಲು ಮಾವ ಪಟ್ಟ ಪಾಡು ನೋಡಿದ್ದೆ. ಔಷಧಿಯಿಂದ ಆಗುವುದಿಲ್ಲವೇ ಎಂದು ಕೇಳಿದೆ. ಮಂಚದ ಮೇಲಿಂದ ಮಾವನೇ ಉತ್ತರ ಕೊಟ್ಟರು: "ಲೋಳೆ ಕಟ್ಟಿದ್ ತೊಟ್ಟಿಗೆ ಬರೀ ನೀರು ಬುಟ್ರೆ ಏನಾದದ್ಲಾ? ಕೆರೆದು ಎಸೀಬೇಕು."

ನಲವತ್ತು ವರ್ಷ ಆಲೆಮನೆ ನಡೆಸಿದವರ ಮಾತು ಅದು. ಕಡಿದ ಕಬ್ಬನ್ನು ದಿನಗಟ್ಟಲೆ ಬಿಸಿಲಿಗೆ ಬಿಟ್ಟರೆ, ಗಾಣದ ತೊಟ್ಟಿಯನ್ನು ತೊಳೆಯದೆ ಬಿಟ್ಟರೆ, ಕಬ್ಬಿನ ಹಾಲು ನೂಲುನೂಲಾಗಿ ಲೋಳೆ ಬರುತ್ತದೆ. ಆ ಹಾಲಿನಲ್ಲಿ ಅಚ್ಚುಬೆಲ್ಲ ಸರಿಯಾಗಿ ಕಟ್ಟುವುದಿಲ್ಲ. ಈ ಲೋಳೆ ಮಾಡುವುದು ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ. ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವುದೂ ಅದರದೇ ಬಳಗ. ಕಬ್ಬಿನ ಸಕ್ಕರೆಯಿಂದ ಗ್ಲೂಕೋಸ್ ಕಿತ್ತುಕೊಂಡು, ಒಂದಕ್ಕೊಂದು ಪೋಣಿಸಿ, ಡೆಕ್ಸ್ಟ್ರಾನ್ ಎಂಬ ಉದ್ದನೆಯ ಸರ ಮಾಡುತ್ತದೆ. ಸಕ್ಕರೆ ಕಾರ್ಖಾನೆಗಳಿಗೂ ಇದರದು ಹಳೆಯ ಕಾಟ.

ಕ್ಯಾಂಡಿಡಾ ಕಟ್ಟುವ ಲೋಳೆಯ ಮುಖ್ಯ ಸಾಮಗ್ರಿಯಲ್ಲೂ ಗ್ಲೂಕೋಸ್ ಸರವೇ ಇದೆ. ಪೋಣಿಸುವ ಬಗೆ ಮಾತ್ರ ಬೇರೆ. ಅದರ ಹೆಸರು ಬೀಟಾ ಗ್ಲೂಕಾನ್. ದೇಹದೊಳಗಿಟ್ಟ ಪ್ಲಾಸ್ಟಿಕ್ ಮೇಲೆ ನಮ್ಮದೇ ರಕ್ತದ ಪ್ರೋಟೀನುಗಳು ತೆಳುವಾಗಿ ಮೆತ್ತಿಕೊಳ್ಳುತ್ತವೆ. ಯೀಸ್ಟ್ ಬಗೆಯ ಶಿಲೀಂಧ್ರವಾದ ಕ್ಯಾಂಡಿಡಾದ ಕೋಶಗಳು ಅದಕ್ಕೆ ಅಂಟಿ, ಒಂದರ ಮೇಲೊಂದು ಬೆಳೆದು, ಸುತ್ತ ಲೋಳೆ ಸುರಿಸಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಇಂಥ ಪದರ ಬಲಿಯಲು ಒಂದೆರಡು ದಿನ ಸಾಕು. ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಕೃತಕ ಹೃದಯ ಕವಾಟ, ಬದಲಾಯಿಸಿದ ಮಂಡಿಚಿಪ್ಪು, ರಾತ್ರಿಯೂ ತೆಗೆಯದ ಹಲ್ಲುಸೆಟ್ಟು, ಎಲ್ಲೆಡೆಯೂ ಇದೇ ಕಥೆ.

ಇಲ್ಲಿ ಔಷಧಿ ಸೋಲುವ ಪರಿ ನನ್ನನ್ನು ಬೆರಗಾಗಿಸಿತು. ಫ್ಲುಕೊನಜೋಲ್ ಅಗ್ಗದ, ಒಳ್ಳೆಯ ಗುಳಿಗೆ. ಶಿಲೀಂಧ್ರದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತದೆ. ನಮ್ಮ ಪೊರೆಯಲ್ಲಿರುವುದು ಕೊಲೆಸ್ಟೆರಾಲ್, ಹಾಗಾಗಿ ನಮಗೆ ಅಷ್ಟು ತೊಂದರೆಯಿಲ್ಲ. ರಕ್ತದಲ್ಲಿ ತೇಲುವ ಕ್ಯಾಂಡಿಡಾವನ್ನು ಹಿಡಿದಿಡುವ ಇದೇ ಔಷಧಿಯನ್ನು ಬಯೋಫಿಲ್ಮ್ ನೂರಾರು ಪಟ್ಟು ಹೆಚ್ಚಾಗಿ ತಾಳಿಕೊಳ್ಳುತ್ತದೆ. ಲೋಳೆಯ ಗ್ಲೂಕಾನ್ ಔಷಧಿಯ ಕಣಗಳನ್ನು ದಾರಿಯಲ್ಲೇ ಹಿಡಿದುಕೊಳ್ಳುತ್ತದೆ. ಒಳಗೆ ನುಸುಳಿದ್ದನ್ನು ಕೋಶಗಳು ಪಂಪಿನಂತೆ ಹೊರಗೆ ತಳ್ಳುತ್ತವೆ. ಇನ್ನು ಕೆಲವು ಕೋಶಗಳು ಬೆಳವಣಿಗೆಯನ್ನೇ ನಿಲ್ಲಿಸಿ ಸತ್ತಂತೆ ಬಿದ್ದಿದ್ದು, ಔಷಧಿ ಮುಗಿದ ಮೇಲೆ ಮತ್ತೆ ಚಿಗುರುತ್ತವೆ.

ಲೋಳೆಯೊಳಗೂ ಕೆಲಸ ಮಾಡುವ ಔಷಧಿಗಳಿವೆ. ಆಂಫೊಟೆರಿಸಿನ್ ಬಿ 1950ರ ದಶಕದಲ್ಲಿ ವೆನೆಜುವೆಲಾದ ಒರಿನೊಕೊ ನದಿ ಸೀಮೆಯ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. ಶಿಲೀಂಧ್ರದ ಪೊರೆಯನ್ನೇ ಹಾಳುಗೆಡವುತ್ತದೆ, ಆದರೆ ಮೂತ್ರಪಿಂಡಕ್ಕೆ ಕಠೋರ. ಅದನ್ನು ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿ ಕೊಡುವ ಲೈಪೊಸೋಮಲ್ ರೂಪ ಅಷ್ಟು ಕಾಡುವುದಿಲ್ಲ, ಬಯೋಫಿಲ್ಮ್‌ನಲ್ಲೂ ಹೆಚ್ಚು ಫಲ ಕೊಡುತ್ತದೆ. ಇದೇ ಕುಲದ ಹ್ಯಾಮೈಸಿನ್ ನಮ್ಮ ದೇಶದ ಮಣ್ಣಿನದೇ. 1960ರ ದಶಕದ ಆರಂಭದಲ್ಲಿ ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿ ಅದನ್ನು ಕಂಡುಹಿಡಿದವರು ಎಂ.ಜೆ. ತಿರುಮಲಾಚಾರ್. ಅವರ ಹೆಸರಿನ ಮೊದಲ ಅಕ್ಷರ ಮಂಡಯಂ. ಮೇಲುಕೋಟೆಯ ನಂಟಿರುವ ಆ ಹೆಸರನ್ನು ನಮ್ಮ ಜಿಲ್ಲೆಯ ಶಾಲಾ ಮಕ್ಕಳು ಕೇಳಿಯೇ ಇಲ್ಲವೆಂಬುದು ನನಗೆ ನಿಜವಾದ ನೋವು.

ಮಾವನಿಗೆ ಕೊಟ್ಟಿದ್ದು ಕ್ಯಾಸ್ಪೊಫಂಜಿನ್, 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧಿ. ಸ್ಪೇನ್ ದೇಶದ ಲೊಸೊಯಾ ನದಿಯ ಬಳಿ ಸಿಕ್ಕ ಒಂದು ಶಿಲೀಂಧ್ರವೇ ಅದರ ಮೂಲ. ಶಿಲೀಂಧ್ರದ ವಿರುದ್ಧ ಶಿಲೀಂಧ್ರವೇ ಕೊಟ್ಟ ಅಸ್ತ್ರ. ಇದು ಬೀಟಾ ಗ್ಲೂಕಾನ್ ಪೋಣಿಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಕೋಶದ ಗೋಡೆಗೂ ಸುತ್ತಲ ಲೋಳೆಗೂ ಬೇಕಾದ್ದು ಅದೇ ಗ್ಲೂಕಾನ್ ಆದ್ದರಿಂದ ಒಂದೇ ಏಟಿಗೆ ಎರಡಕ್ಕೂ ಪೆಟ್ಟು. ನಮ್ಮ ಕೋಶಗಳಿಗೆ ಅಂಥ ಗೋಡೆಯೇ ಇಲ್ಲ. ನುಂಗಿದರೆ ಮೈಗೆ ಹತ್ತದ ಕಾರಣ ಡ್ರಿಪ್‌ನಲ್ಲೇ ಕೊಡಬೇಕು.

ಇಷ್ಟಿದ್ದೂ ಪೈಪು ತೆಗೆಯಲೇಬೇಕಾಯಿತು. ಅಂಟಿಕೊಂಡ ಪದರದಲ್ಲಿ ಒಂದಿಷ್ಟು ಕೋಶ ಉಳಿದರೂ ರೋಗ ಮರುಕಳಿಸಬಹುದು. ಕವಾಟದಂಥದ್ದನ್ನು ತೆಗೆಯಲಾಗದ ರೋಗಿಗಳು ವರ್ಷಗಟ್ಟಲೆ, ಕೆಲವೊಮ್ಮೆ ಜೀವನಪೂರ್ತಿ, ಗುಳಿಗೆ ನುಂಗುತ್ತಾರೆ. ಮಾವನ ಕತ್ತಿನದನ್ನು ತೆಗೆದು, ಆಮೇಲೆ ಬೇರೆ ಕಡೆ ಹೊಸದನ್ನು ಹಾಕಿದರು. ರಕ್ತ ಶುದ್ಧವಾಯಿತೆಂದು ಕಲ್ಚರ್ ಹೇಳಿದ ದಿನದಿಂದ ಎಣಿಸಿ ಇನ್ನೂ ಎರಡು ವಾರ ಔಷಧಿ ನಡೆಯಿತು. ಕಣ್ಣಿನ ಡಾಕ್ಟರೂ ಬಂದು ರೆಟಿನಾ ನೋಡಿ ಹೋದರು. ರಕ್ತಕ್ಕಿಳಿದ ಕ್ಯಾಂಡಿಡಾ ಕಣ್ಣಿನಲ್ಲಿ ನೆಲೆಯೂರುವುದುಂಟು.

ಪೈಪಿಗೆ ಅದು ಹತ್ತುವುದೆಲ್ಲಿಂದ? ಎಷ್ಟೋ ಸಲ ಕೈಗಳಿಂದ. ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಎಂಬ ಜಾತಿಯಂತೂ ಆರೈಕೆ ಮಾಡುವವರ ಚರ್ಮದ ಮೇಲೇ ಸಂಚರಿಸುತ್ತದೆ. ಅಂದಿನಿಂದ ಅತ್ತೆ ಯಾರಿಗೂ, ನನಗೂ, ಕೈ ತೊಳೆಯದೆ ಮಾವನ ಹತ್ತಿರ ಬರಗೊಡುವುದಿಲ್ಲ.

ಆಮೇಲೆ ಮೈಸೂರಿನಲ್ಲಿ ಫಿಸ್ಟುಲಾ ಮಾಡಿಸಿದೆವು. ಮುಂಗೈಯ ಧಮನಿಯನ್ನು ಪಕ್ಕದ ಅಭಿಧಮನಿಗೆ ಹೊಲಿದು, ಅದು ದಪ್ಪಗಾಗುವವರೆಗೆ ಒಂದೆರಡು ತಿಂಗಳು ಕಾಯುವುದು. ಪೂರ್ತಿ ಅವರದೇ ರಕ್ತನಾಳ, ಲೋಳೆ ಕಟ್ಟಲು ಒಳಗೆ ಪ್ಲಾಸ್ಟಿಕ್ ಇಲ್ಲ. ಮೊದಲ ಸಲ ಅದರ ಮೇಲೆ ಬೆರಳಿಟ್ಟಾಗ ಗುಂಯ್‌ಗುಟ್ಟುತ್ತಿತ್ತು. ಮಾವ ಕೈ ಚಾಚಿಕೊಂಡೇ ಹೇಳಿದರು: "ಗಾಣ ತಿರುಗ್ದಂಗೆ ಐತೆ, ಅಲ್ವೇನ್ಲಾ?"