ಹಿಡಿಕೆ ಹಿಡಿದ ಕೈಗೂ ಸಮಯ ತಿಳಿಯಬೇಕು

1972ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಕಂಪನಿ ಪಲ್ಸರ್ ಎಂಬ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಮುಳ್ಳುಗಳಿರಲಿಲ್ಲ. ಹದಿನೆಂಟು ಕ್ಯಾರೆಟ್ ಚಿನ್ನದ ಕವಚ, ಕಡುಬಣ್ಣದ ಗಾಜು, ಗಾಜಿನ ಹಿಂದೆ ಕೆಂಪಗೆ ಹೊಳೆಯುವ ಅಂಕಿಗಳು. ಬೆಲೆ 2,100 ಡಾಲರ್. ಆ ಅಂಕಿಗಳನ್ನು ಬೆಳಗುವ ಎಲ್‌ಇಡಿಗಳು ಬ್ಯಾಟರಿಯನ್ನು ಬೇಗನೆ ಬರಿದು ಮಾಡುತ್ತಿದ್ದುದರಿಂದ ಗಾಜು ಸದಾ ಕತ್ತಲಾಗಿರುತ್ತಿತ್ತು. ಗಂಟೆ ಎಷ್ಟಾಯಿತೆಂದು ತಿಳಿಯಬೇಕಾದರೆ ಇನ್ನೊಂದು ಕೈಯಿಂದ ಗುಂಡಿ ಒತ್ತಬೇಕಿತ್ತು. ಕೆಲವೇ ವರ್ಷಗಳಲ್ಲಿ ಎಲ್‌ಸಿಡಿ ಗಡಿಯಾರಗಳು ಬಂದವು. ಎಲ್‌ಸಿಡಿ ತಾನಾಗಿ ಬೆಳಕು ಸೂಸುವುದಿಲ್ಲ. ಮೇಲೆ ಬಿದ್ದ ಬೆಳಕನ್ನೇ ತಡೆದು, ಬಿಟ್ಟು ಅಂಕಿ ಮೂಡಿಸುತ್ತದೆ. ಹೀಗಾಗಿ ಅದು ಇಡೀ ದಿನ ಸಮಯ ತೋರಿಸಬಲ್ಲದು. ಎಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ಎಲ್‌ಇಡಿ ಗಡಿಯಾರಗಳು ಮೂಲೆಗುಂಪಾದವು. 1989ರಲ್ಲಿ ಬಂದ ಕ್ಯಾಸಿಯೋ ಎಫ್-91ಡಬ್ಲ್ಯೂ ಒಂದೇ ಸೆಲ್ಲಿನಲ್ಲಿ ಸುಮಾರು ಏಳು ವರ್ಷ ನಡೆಯುತ್ತದೆ. ಅದು ಇಂದಿಗೂ ಮಾರಾಟದಲ್ಲಿದೆ.

ಮುಂಬಯಿಯ ಲೋಕಲ್ ರೈಲಿನಲ್ಲಿ ನಿಂತವರ ಕೈಗಳನ್ನು ನೋಡಿದಾಗ ನನಗೆ ಆ ಪಲ್ಸರ್ ನೆನಪಾಗುತ್ತದೆ. ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಬೆಳಿಗ್ಗೆ ಹೊರಟವರ ಒಂದು ಕೈ ಮೇಲಿನ ಹಿಡಿಕೆಯಲ್ಲಿರುತ್ತದೆ, ಇನ್ನೊಂದು ಎದೆಗೆ ಅವಚಿಕೊಂಡ ಚೀಲದ ಮೇಲೆ. ಹಿಡಿಕೆ ಹಿಡಿದ ಕೈಯ ಸ್ಮಾರ್ಟ್‌ವಾಚ್ ಕಣ್ಣೆದುರಿಗೇ ಇದ್ದರೂ ಅದರ ಪರದೆ ಕಪ್ಪು. ಇಳಿಬಿಟ್ಟ ಕೈಯನ್ನು ಎತ್ತಿ ಮಣಿಕಟ್ಟು ತಿರುಗಿಸಿದರೆ ಒಳಗಿನ ಚಲನಸಂವೇದಕ ಅದನ್ನು ಗುರುತಿಸಿ ಪರದೆಯನ್ನು ಬೆಳಗಿಸುತ್ತದೆ. ಆಗಲೇ ಎತ್ತಿರುವ ಕೈಯನ್ನು ಮತ್ತೆ ಎತ್ತುವುದು ಹೇಗೆ? ಬೆರಳಿನಿಂದ ತಟ್ಟೋಣವೆಂದರೆ ಇನ್ನೊಂದು ಕೈ ಬಿಡುವಾಗಿಲ್ಲ. ಐವತ್ತು ವರ್ಷ ಕಳೆದರೂ ಗಂಟೆ ನೋಡಲು ಎರಡು ಕೈ ಬೇಕಾಗುವ ಗಡಿಯಾರವನ್ನೇ ನಾವು ಕಟ್ಟಿಕೊಂಡಿದ್ದೇವೆ.

ಜನಸಾಮಾನ್ಯರು ಸ್ಮಾರ್ಟ್‌ವಾಚ್ ಕೊಳ್ಳುತ್ತಾರೆಯೇ ಎಂದು ಒಂದು ಕಾಲದಲ್ಲಿ ಚರ್ಚೆ ನಡೆಯುತ್ತಿತ್ತು. ಭಾರತದ ಮಟ್ಟಿಗೆ ಉತ್ತರ ಸಿಕ್ಕಿದೆ: ಕೊಂಡರು. ಒಂದೆರಡು ಸಾವಿರ ರೂಪಾಯಿಯ ದೇಶೀ ಬ್ರ್ಯಾಂಡುಗಳ ಬಲದಿಂದ 2022ರ ಮೂರನೇ ತ್ರೈಮಾಸಿಕದಲ್ಲಿ ಭಾರತ ಸ್ಮಾರ್ಟ್‌ವಾಚುಗಳ ಅತಿದೊಡ್ಡ ಮಾರುಕಟ್ಟೆಯಾಗಿ ಬೆಳೆಯಿತು. ಆದರೆ 2024ರಲ್ಲಿ ಮಾರಾಟ ಸುಮಾರು ಮೂರನೇ ಒಂದರಷ್ಟು ಕುಸಿಯಿತು. ಅಗ್ಗವೆಂದು ಒಮ್ಮೆ ಕೊಂಡವರಲ್ಲಿ ಅನೇಕರು ಎರಡನೆಯದನ್ನು ಕೊಳ್ಳಲಿಲ್ಲ. ತಯಾರಕರು ಇದಕ್ಕೆ ಹೊಸತನದ ಕೊರತೆ ಕಾರಣವೆನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮೊಬೈಲನ್ನು ಕುಗ್ಗಿಸಿ ಪಟ್ಟಿ ಕಟ್ಟಿದರೆ ಅದು ಕೈಗಡಿಯಾರವಾಗುವುದಿಲ್ಲ ಎಂಬುದೇ ನಿಜವಾದ ತೊಡಕು.

ವಿದ್ಯುತ್ತಿನ ಲೆಕ್ಕದಿಂದಲೇ ಶುರುಮಾಡೋಣ. ಸಾಮಾನ್ಯ ಕ್ವಾರ್ಟ್ಜ್ ಗಡಿಯಾರದೊಳಗೆ ಸೆಕೆಂಡಿಗೆ 32,768 ಸಲ ಕಂಪಿಸುವ ಪುಟ್ಟ ಹರಳೊಂದಿದೆ. ಆ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧ ಮಾಡಿದರೆ ಒಂದು ಉಳಿಯುತ್ತದೆ, ಅದೇ ಸೆಕೆಂಡು. ಇಷ್ಟು ಕೆಲಸಕ್ಕೆ ಬೇಕಾದ ವಿದ್ಯುತ್ ಪ್ರವಾಹ ಹೆಚ್ಚುಕಡಿಮೆ ಒಂದು ಮೈಕ್ರೋ ಆಂಪಿಯರ್, ಅಂದರೆ ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಆದ್ದರಿಂದಲೇ ಗುಂಡಿಯಷ್ಟು ಚಿಕ್ಕ ಸೆಲ್ಲು ಎರಡು ಮೂರು ವರ್ಷ ಬಾಳುತ್ತದೆ. ಸ್ಮಾರ್ಟ್‌ವಾಚಿನ ಬ್ಯಾಟರಿ 300 ಮಿಲಿ ಆಂಪಿಯರ್ ಗಂಟೆಯದ್ದೆಂದು ಇಟ್ಟುಕೊಳ್ಳಿ. ಅದು ಒಂದೇ ದಿನದಲ್ಲಿ ಮುಗಿದರೆ, ಸರಾಸರಿ ಹನ್ನೆರಡೂವರೆ ಮಿಲಿ ಆಂಪಿಯರ್ ಖರ್ಚಾದಂತಾಯಿತು. ಹಳೆಯ ಗಡಿಯಾರದ ಹನ್ನೆರಡು ಸಾವಿರ ಪಟ್ಟಿಗೂ ಹೆಚ್ಚು! ಇದರ ದೊಡ್ಡ ಪಾಲನ್ನು ನುಂಗುವುದು ಪರದೆ, ಬ್ಲೂಟೂತಿನಂಥ ರೇಡಿಯೋ ಮತ್ತು ಪ್ರೊಸೆಸರ್. ಅಗ್ಗದ ಗಡಿಯಾರಗಳು ಒಂದು ವಾರ ಬರುತ್ತವೆಂದರೆ ಅವುಗಳ ಬ್ಯಾಟರಿ ದೊಡ್ಡದೆಂದಲ್ಲ. ಅವುಗಳಲ್ಲಿರುವುದು ಸರಳವಾದ ಚಿಪ್ ಮತ್ತು ಸರಳವಾದ ತಂತ್ರಾಂಶ.

ದಿನವೂ ಚಾರ್ಜ್ ಮಾಡುವುದು ಬರೀ ತಲೆನೋವಿನ ಮಾತಲ್ಲ, ಗಡಿಯಾರದ ಆಯುಷ್ಯದ ಮಾತು. ಲಿಥಿಯಂ ಬ್ಯಾಟರಿಯನ್ನು ಐನೂರರಷ್ಟು ಸಲ ಪೂರ್ತಿ ಬರಿದು ಮಾಡಿ ತುಂಬಿದ ಮೇಲೆ ಅದರ ಧಾರಣಶಕ್ತಿ ಶೇ. 80ರ ಆಸುಪಾಸಿಗೆ ಇಳಿಯುತ್ತದೆ. ದಿನಕ್ಕೊಮ್ಮೆ ತುಂಬುವ ಗಡಿಯಾರ ಒಂದೂವರೆ ವರ್ಷದೊಳಗೆ ಆ ಹಂತ ಮುಟ್ಟುತ್ತದೆ. ವಾರಕ್ಕೊಮ್ಮೆ ತುಂಬುವಂಥದ್ದಕ್ಕೆ ಇದೇ ಲೆಕ್ಕದಲ್ಲಿ ಒಂಬತ್ತು ವರ್ಷಕ್ಕೂ ಮಿಗಿಲಾಗಿ ಬೇಕು, ಬ್ಯಾಟರಿ ಬರೀ ವಯಸ್ಸಿನಿಂದ ಸೊರಗದಿದ್ದರೆ.

ಈ ಮಾತಿಗೆ ನಮ್ಮವರಲ್ಲಿ, ಅಂದರೆ ಮುಂಬಯಿಯ ಕನ್ನಡಿಗರಲ್ಲಿ, ಹೆಚ್ಚಿನ ತೂಕವಿದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ ಶುರುವಾಯಿತು. ಹಗಲಿಡೀ ಉಡುಪಿ ಹೋಟೆಲಿನಲ್ಲಿ ದುಡಿದು ಸಂಜೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ತಲೆಮಾರಿನ ಅನೇಕರಿಗೆ ಕೈಗಡಿಯಾರವೆಂದರೆ ಬದುಕಿಗೆ ಒಂದೇ ಸಲ ಕೊಳ್ಳುವ ವಸ್ತುವಾಗಿತ್ತು. ಕೀಲಿ ಕೊಟ್ಟರೆ ಓಡುತ್ತಿತ್ತು. ಕೆಟ್ಟರೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸ್ಟೇಷನ್ ಪಕ್ಕ ಕುಳಿತಿರುತ್ತಿದ್ದ ರಿಪೇರಿಯವರು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೊಡುತ್ತಿದ್ದರು. ಇಂದಿನ ಸ್ಮಾರ್ಟ್‌ವಾಚನ್ನು ಅವರ ಮುಂದಿಟ್ಟರೆ ಅವರು ಕೈಚೆಲ್ಲುತ್ತಾರೆ, ಏಕೆಂದರೆ ಬಹುಪಾಲು ಮಾದರಿಗಳಲ್ಲಿ ಗಾಜು, ಕವಚ, ಬ್ಯಾಟರಿ ಎಲ್ಲವನ್ನೂ ಅಂಟಿನಿಂದ ಬೆಸೆಯಲಾಗಿರುತ್ತದೆ. ನೀರು ಒಳಗೆ ಹೋಗದಿರಲು ಅಂಟು ಬೇಕೆಂಬ ವಾದ ನನಗೆ ಒಪ್ಪಿಗೆಯಾಗಿಲ್ಲ. ರಬ್ಬರ್ ಬಳೆ ಮತ್ತು ಸಣ್ಣ ಸ್ಕ್ರೂಗಳಿಂದ ಮುಚ್ಚಿದ ಈಜುಗಡಿಯಾರಗಳು ದಶಕಗಳಿಂದ ಸಮುದ್ರಕ್ಕೆ ಇಳಿಯುತ್ತಿವೆ.

ಸದಾ ಎಚ್ಚರವಿರುವ ಪರದೆ ಅಸಾಧ್ಯವೇನಲ್ಲ. 2012ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದ ಮೂಲಕ ಅರುವತ್ತೆಂಟು ಸಾವಿರಕ್ಕೂ ಹೆಚ್ಚು ಜನರಿಂದ ಒಂದು ಕೋಟಿ ಡಾಲರಿಗೂ ಮಿಕ್ಕಿ ಹಣ ಸಂಗ್ರಹಿಸಿದ ಪೆಬಲ್ ಗಡಿಯಾರ, ಎಲ್‌ಸಿಡಿಯ ಹಾದಿಯನ್ನೇ ಹಿಡಿಯಿತು. ಅದರ ಕಪ್ಪುಬಿಳುಪು ಪರದೆ ಹೊರಗಿನ ಬೆಳಕನ್ನೇ ಪ್ರತಿಫಲಿಸುತ್ತಿತ್ತು. ಬಿಸಿಲು ಏರಿದಷ್ಟೂ ಅಕ್ಷರ ಸ್ಪಷ್ಟ. ಚಿತ್ರ ಬದಲಾಗದಿದ್ದರೆ ವಿದ್ಯುತ್ ಖರ್ಚು ನಾಮಮಾತ್ರ. ಬ್ಯಾಟರಿ ಹೆಚ್ಚುಕಡಿಮೆ ವಾರ ಬರುತ್ತಿತ್ತು. ದುಬಾರಿ ಗಡಿಯಾರಗಳು ಬೇರೆ ದಾರಿ ಹಿಡಿದವು. 2019ರಲ್ಲಿ ಆಪಲ್, ಪರದೆಯ ಚಿತ್ರವನ್ನು ಸೆಕೆಂಡಿಗೆ ಅರುವತ್ತರ ಬದಲು ಒಂದೇ ಸಲ ನವೀಕರಿಸಿ, ಮಬ್ಬಾಗಿಯಾದರೂ ಸಮಯ ಸದಾ ಕಾಣುವಂತೆ ಮಾಡಿತು. ಚರ್ಚ್‌ಗೇಟಿನ ಹೊರಗೆ ಏಪ್ರಿಲ್ ಬಿಸಿಲಿನಲ್ಲಿ ನಿಂತವರಿಗೆ ಪೆಬಲ್‌ನ ದಾರಿಯೇ ಮೇಲು ಎಂದು ನನ್ನ ಭಾವನೆ. ಆದರೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಗ್ರಾಹಕರ ಕಣ್ಣು ಸೆಳೆಯುವುದು ಝಗಝಗಿಸುವ ಬಣ್ಣದ ಪರದೆ. ಕಂಪನಿಗಳು ಮಣಿಕಟ್ಟಿಗಿಂತ ಕಪಾಟಿನ ಕಡೆ ನೋಡುತ್ತವೆ.

ಗುಂಡು ಪರದೆಯೋ ಚೌಕ ಪರದೆಯೋ ಎಂಬ ವಾದಕ್ಕೆ ಹೆಚ್ಚು ಸಮಯ ಬೇಡ. ಚೌಕದೊಳಗೆ ಹಿಡಿಸುವ ಅತಿದೊಡ್ಡ ವೃತ್ತದ ವಿಸ್ತೀರ್ಣ ಚೌಕದ ಶೇ. 78.5; ಉಳಿದದ್ದು ಅಕ್ಷರಗಳಿಗೆ ನಷ್ಟ, ಅಂದಕ್ಕೆ ಲಾಭ.

ಮಳೆಗಾಲದ ಮಾತು ಬೇರೆ. ಸ್ಪರ್ಶಪರದೆ ಗಮನಿಸುವುದು ಬೆರಳಿನ ಒತ್ತಡವನ್ನಲ್ಲ, ಬೆರಳು ಹತ್ತಿರ ಬಂದಾಗ ವಿದ್ಯುತ್ ಕ್ಷೇತ್ರದಲ್ಲಾಗುವ ಬದಲಾವಣೆಯನ್ನು. ನೀರಿನ ಹನಿಯೂ ಅಂಥದೇ ಬದಲಾವಣೆ ಮಾಡಬಲ್ಲದು. ಆದ್ದರಿಂದ ಜುಲೈ ತಿಂಗಳ ಮುಂಬಯಿಯಲ್ಲಿ ಗಡಿಯಾರ ತಾನಾಗಿಯೇ ಪುಟ ತಿರುಗಿಸುತ್ತದೆ, ಬೇಕಾದಾಗ ಬೆರಳಿಗೆ ಜಗ್ಗುವುದಿಲ್ಲ. ಮಾಟುಂಗಾದ ಹೋಟೆಲೊಂದರ ಅಡುಗೆಮನೆಯಲ್ಲಿ ದೋಸೆ ಹುಯ್ಯುವವರ ಕೈಗೆ ವರ್ಷವಿಡೀ ಮಳೆಗಾಲವೇ. ಅವರಿಗೆ ಬೇಕಾದದ್ದು ಒದ್ದೆ ಬೆರಳಿಗೂ ಒತ್ತಿದ್ದು ತಿಳಿಯುವ ಎರಡು ಗಟ್ಟಿ ಗುಂಡಿಗಳು. ವಿಶೇಷವೆಂದರೆ ನೀರೊಳಗೆ ಇಳಿಯುವವರಿಗೆಂದು ಮಾಡಿದ ದುಬಾರಿ ಗಡಿಯಾರಗಳಲ್ಲಿ ಅಂಥ ಗುಂಡಿಗಳಿವೆ. ಪಾತ್ರೆ ತೊಳೆಯುವವರು ಕೊಳ್ಳಬಲ್ಲ ಗಡಿಯಾರಗಳಲ್ಲಿ ಇಲ್ಲ.

ಹೆಜ್ಜೆ ಎಣಿಕೆಯೂ ಹೀಗೆಯೇ ಕೆಲವರಿಗೆ ಅನ್ಯಾಯ ಮಾಡುತ್ತದೆ. ಗಡಿಯಾರಕ್ಕೆ ಪಾದ ಕಾಣುವುದಿಲ್ಲ. ನಡೆಯುವಾಗ ಕೈ ಬೀಸುವ ಲಯವನ್ನು ಅಳೆದು ಅದು ಹೆಜ್ಜೆಯನ್ನು ಊಹಿಸುತ್ತದೆ. ಎರಡೂ ಕೈಯಲ್ಲಿ ತಟ್ಟೆ ಹಿಡಿದು ಮೇಜಿನಿಂದ ಮೇಜಿಗೆ ಓಡಾಡುವ ಸಪ್ಲಾಯರ್ ಎಷ್ಟೇ ನಡೆದರೂ ಸಾಂಬಾರು ಚೆಲ್ಲದಂತೆ ಮಣಿಕಟ್ಟನ್ನು ನಿಶ್ಚಲವಾಗಿ ಇಟ್ಟಿರುತ್ತಾನೆ. ಅವನ ನಡಿಗೆಯಲ್ಲಿ ಎಷ್ಟೋ ಪಾಲು ಲೆಕ್ಕಕ್ಕೆ ಸಿಗುವುದೇ ಇಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಕೈ ಆಡಿಸುತ್ತ ಮಾತಾಡುವವರಿಗೆ ಅನಾಯಾಸವಾಗಿ ಕೆಲವು ಹೆಜ್ಜೆ ಜಮೆಯಾಗುತ್ತವೆ. ಇನ್ನು ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಗುರಿ ಬಂದದ್ದು ವೈದ್ಯಶಾಸ್ತ್ರದಿಂದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರಿಂದ. ಸರಾಸರಿ ಎಪ್ಪತ್ತೆರಡು ವರ್ಷದ ಅಮೆರಿಕದ ಮಹಿಳೆಯರ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 7,500 ಹೆಜ್ಜೆಗಳ ಸುಮಾರಿಗೆ ಲಾಭದ ಏರಿಕೆ ನಿಂತಿತ್ತು. ಹತ್ತು ಸಾವಿರ ಆಗಲಿಲ್ಲವೆಂದು ಸಂಜೆ ಕೊರಗುವ ಹಿರಿಯರಿಗೆ ಇದನ್ನು ಯಾರಾದರೂ ಹೇಳಬೇಕು.

ಆರೋಗ್ಯದ ಹೆಸರಿನಲ್ಲಿ ಗಡಿಯಾರ ನಿಜವಾಗಿ ಏನನ್ನು ಮಾಡಬಲ್ಲದು ಎಂಬುದನ್ನು ನಿಧಾನವಾಗಿ ನೋಡಬೇಕು. ಹಿಂಬದಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮದೊಳಕ್ಕೆ ತುಸು ದೂರ ಹೋಗಿ ಹಿಂದಿರುಗುತ್ತದೆ. ರಕ್ತ ಹಸಿರನ್ನು ಚೆನ್ನಾಗಿ ಹೀರುತ್ತದೆ. ಹೃದಯ ಬಡಿದಾಗ ಆ ಜಾಗಕ್ಕೆ ರಕ್ತ ನುಗ್ಗಿ ಹಿಂದಿರುಗುವ ಬೆಳಕು ಕ್ಷಣಕಾಲ ತಗ್ಗುತ್ತದೆ. ಈ ಏರಿಳಿತವೇ ನಾಡಿಬಡಿತ. ಮೈಬಣ್ಣಕ್ಕೆ ಕಾರಣವಾದ ಮೆಲನಿನ್ ಕೂಡ ಹಸಿರನ್ನು ಹೀರುವುದರಿಂದ ಕಪ್ಪು ಚರ್ಮದಲ್ಲಿ ಸಂಕೇತ ಸೊರಗುತ್ತದೆ. ಪಟ್ಟಿ ಸಡಿಲವಾದರೆ, ಕೈ ಅಲುಗಿದರೆ ಇನ್ನಷ್ಟು ಗದ್ದಲ. ಹೀಗಿದ್ದರೂ ಕುಳಿತಿರುವಾಗ, ಮಲಗಿರುವಾಗ ಇದು ನಾಡಿಯನ್ನು ಸಾಕಷ್ಟು ಸರಿಯಾಗಿ ಹಿಡಿಯುತ್ತದೆ. 2019ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರು ಆಪಲ್ ಗಡಿಯಾರ ಕಟ್ಟಿಕೊಂಡಿದ್ದರು. ನಾಡಿಯ ಲಯ ತಪ್ಪಿದೆಯೆಂಬ ಎಚ್ಚರಿಕೆ ಬಂದದ್ದು ಇನ್ನೂರರಲ್ಲಿ ಒಬ್ಬರಂತೆ. ಎಚ್ಚರಿಕೆ ಪಡೆದು, ಮುಂದೆ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಮರಳಿಸಿದವರಲ್ಲಿ ಸುಮಾರು ಮೂರನೇ ಒಂದರಷ್ಟು ಜನರಿಗೆ ಏಟ್ರಿಯಲ್ ಫಿಬ್ರಿಲೇಶನ್ ಎಂಬ, ಪಾರ್ಶ್ವವಾಯುವಿಗೆ ದಾರಿಯಾಗಬಲ್ಲ ಏರುಪೇರು ಕಂಡುಬಂತು. ಇದು ಸಣ್ಣ ಸಾಧನೆಯಲ್ಲ.

ಆದರೆ ರಸ್ತೆಬದಿಯಲ್ಲೂ ಆನ್‌ಲೈನಿನಲ್ಲೂ ಸಿಗುವ ಕೆಲವು ಗಡಿಯಾರಗಳು ಸೂಜಿ ಚುಚ್ಚದೆ ರಕ್ತದ ಸಕ್ಕರೆ ತೋರಿಸುತ್ತೇವೆ ಎನ್ನುತ್ತವೆ. ಇಲ್ಲಿ ನನಗೆ ಸಿಟ್ಟು ಬರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ, ಚರ್ಮವನ್ನು ಚುಚ್ಚದೆ ತಾನಾಗಿ ಸಕ್ಕರೆ ಅಳೆಯುವ ಯಾವ ಸ್ಮಾರ್ಟ್‌ವಾಚಿಗೂ ಉಂಗುರಕ್ಕೂ ತಾನು ಅನುಮತಿ ನೀಡಿಲ್ಲವೆಂದು ಸ್ಪಷ್ಟವಾಗಿ ಎಚ್ಚರಿಸಿತು. ತೋಳಿಗೆ ಅಂಟಿಸುವ ಸಂವೇದಕದ ಸಂಖ್ಯೆಯನ್ನು ಗಡಿಯಾರ ತೋರಿಸಬಹುದು. ಅಲ್ಲಿ ಕೂದಲೆಳೆಯಂಥ ತಂತಿ ಚರ್ಮದೊಳಗಿನ ದ್ರವದಲ್ಲಿ ಇಳಿದಿರುತ್ತದೆ. ಬರೀ ಬೆಳಕಿನಿಂದ ಹುಟ್ಟಿಸಿದ ಸಂಖ್ಯೆಯನ್ನು ನಂಬಿ ಇನ್ಸುಲಿನ್ ಪ್ರಮಾಣ ಹೆಚ್ಚುಕಡಿಮೆ ಮಾಡಿಕೊಂಡರೆ ಪ್ರಾಣಕ್ಕೇ ಸಂಚಕಾರ. ಮನೆಮನೆಯಲ್ಲೂ ಮಧುಮೇಹವಿರುವ ನಮ್ಮ ಊರುಗಳಲ್ಲಿ ಇಂಥ ಗಡಿಯಾರವನ್ನು ಅಪ್ಪನಿಗೆಂದು ಪ್ರೀತಿಯಿಂದ ಕೊಳ್ಳುವ ಮಕ್ಕಳಿದ್ದಾರೆ.

ಮುಂಬಯಿಯ ಕನ್ನಡಿಗರಿಗೆ ಇನ್ನೊಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ಊರಿನಿಂದ ಕನ್ನಡದಲ್ಲಿ ಬಂದ ಸಂದೇಶ ಮೊಬೈಲಿನಲ್ಲಿ ಸರಿಯಾಗಿದ್ದು, ಅನೇಕ ಅಗ್ಗದ ಗಡಿಯಾರಗಳಲ್ಲಿ ಚೌಕಗಳ ಸಾಲಾಗಿ ಕಾಣುತ್ತದೆ. ಇದು ಬರೀ ಉದಾಸೀನವಲ್ಲ, ಸ್ವಲ್ಪ ಕಷ್ಟದ ಕೆಲಸವೂ ಹೌದು. ‘ಲಕ್ಷ್ಮಿ’ ಎಂಬ ಹೆಸರು ಯೂನಿಕೋಡಿನಲ್ಲಿ ಏಳು ಸಂಕೇತಗಳ ಸರಣಿ: ಲ, ಕ, ವಿರಾಮ (ಅಕ್ಷರದ ಸ್ವರ ತೆಗೆಯುವ ಗುರುತು), ಷ, ವಿರಾಮ, ಮ, ಕೊನೆಗೆ ಗುಡಿಸು. ಕೊನೆಯಲ್ಲಿ ಬಂದ ಗುಡಿಸು ಪರದೆಯ ಮೇಲೆ ಹಿಂದಕ್ಕೆ ಹೋಗಿ ಕಕಾರದ ತಲೆಗೆ ಕೂರಬೇಕು. ಷ, ಮ ಎರಡೂ ಒತ್ತಾಗಿ ಕೆಳಗಿಳಿಯಬೇಕು. ಯಾವ ಸಂಕೇತಕ್ಕೆ ಯಾವ ರೂಪ, ಯಾವ ಜಾಗ ಎಂದು ನಿರ್ಧರಿಸುವ ತಂತ್ರಾಂಶ ಮೊಬೈಲಿನಲ್ಲಿ ಇದ್ದೇ ಇದೆ. ಕಡಿಮೆ ಸ್ಮೃತಿಯ ಸರಳ ಚಿಪ್ಪಿನಲ್ಲಿ ಅದಕ್ಕೂ ನೂರಾರು ಅಕ್ಷರರೂಪಗಳಿಗೂ ಜಾಗ ಕೊಡುವ ಶ್ರಮ ಅನೇಕ ಕಂಪನಿಗಳಿಗೆ ಬೇಡ. ಸುಲಭದ ದಾರಿಯೂ ಉಂಟು: ಮೊಬೈಲೇ ಕನ್ನಡದ ಸಾಲನ್ನು ಚಿತ್ರವಾಗಿಸಿ ಕಳಿಸಲಿ, ಗಡಿಯಾರ ಅದನ್ನು ತೋರಿಸಲಿ. ಚಿಕ್ಕ ಕಪ್ಪುಬಿಳುಪು ಚಿತ್ರವನ್ನು ಬ್ಲೂಟೂತ್ ಕ್ಷಣದಲ್ಲಿ ಸಾಗಿಸುತ್ತದೆ.

ಎಲ್ಲ ಚಾಣಾಕ್ಷತೆಗೂ ಪರದೆ ಬೇಕೆಂದೇನೂ ಇಲ್ಲ. 2020ರಲ್ಲಿ ಟೈಟನ್ ಕಂಪನಿ ಸ್ಟೇಟ್ ಬ್ಯಾಂಕಿನ ಜೊತೆಗೂಡಿ, ಮುಳ್ಳುಗಳಿರುವ ಸಾಧಾರಣ ಗಡಿಯಾರದ ಪಟ್ಟಿಯೊಳಗೆ ಹಣ ಪಾವತಿಸುವ ಪುಟ್ಟ ಚಿಪ್ಪನ್ನು ಇಟ್ಟಿತು. ಅಂಗಡಿಯ ಯಂತ್ರದ ಹತ್ತಿರ ಮಣಿಕಟ್ಟು ತಂದರೆ ಆ ಯಂತ್ರದ ರೇಡಿಯೋ ಕ್ಷೇತ್ರದಿಂದಲೇ ಚಿಪ್ಪು ಶಕ್ತಿ ಪಡೆಯುತ್ತದೆ. ಗಡಿಯಾರದ ಬ್ಯಾಟರಿಗೆ ಹೊರೆಯಿಲ್ಲ. ಇದರ ಜೊತೆಗೆ ಕರೆ ಬಂದಾಗ ನಡುಗುವ ಸಣ್ಣ ಮೋಟಾರು, ನಾಡಿ ನೋಡುವ ಸಂವೇದಕ, ಬಿಸಿಲಿಗೆ ಹೆದರದ ಒಂದು ಸಾಲಿನ ಪರದೆ ಇದ್ದರೆ ಬಹಳ ಜನರ ಅಗತ್ಯ ತೀರುತ್ತದೆ. ತಂತ್ರಜ್ಞಾನವೆಲ್ಲ ಈಗಾಗಲೇ ಕೈಗೆಟುಕುವಂಥದೇ.

ಅಂಥದ್ದು ಬರುವವರೆಗೆ, ದಾದರಿನಲ್ಲೋ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಗಡಿಯಾರ ಕೊಳ್ಳಲು ಹೋದವರು ಅಂಗಡಿಯವರು ತೋರಿಸುವ ನೂರೆಂಟು ಆಟಗಳ ಪಟ್ಟಿಯನ್ನು ಪಕ್ಕಕ್ಕಿಡಿ. ಗಡಿಯಾರವನ್ನು ಕಟ್ಟಿಕೊಂಡು ಬಾಗಿಲ ಬಳಿಯ ಬಿಸಿಲಿಗೆ ಬನ್ನಿ, ಹಿಡಿಕೆ ಹಿಡಿದಂತೆ ಕೈಯನ್ನು ಮೇಲೆತ್ತಿ ನಿಲ್ಲಿ. ಗಂಟೆ ಕಾಣುತ್ತದೆಯೇ ನೋಡಿ. ಬೆರಳು ಒದ್ದೆ ಮಾಡಿಕೊಂಡು, ಬಂದ ಕರೆಯನ್ನು ನಿಲ್ಲಿಸಲು ಪ್ರಯತ್ನಿಸಿ. ಮನೆಯವರಿಂದ ಒತ್ತಕ್ಷರಗಳಿರುವ ಕನ್ನಡ ಸಂದೇಶವೊಂದನ್ನು ಕಳಿಸಲು ಹೇಳಿ. ರಕ್ತದ ಸಕ್ಕರೆ ತೋರಿಸುತ್ತದೆಂದು ಅವರು ಹೇಳಿದರೆ ಆ ಗಡಿಯಾರವನ್ನು ಅಲ್ಲೇ ಬಿಚ್ಚಿ ಹಿಂದಿರುಗಿಸಿ. ಉಳಿದೆಲ್ಲ ಸರಿಯಿದ್ದರೆ, ಎರಡು ವರ್ಷದ ಮೇಲೆ ಬ್ಯಾಟರಿ ಬದಲಾಯಿಸಿ ಕೊಡುತ್ತೀರಾ, ಎಷ್ಟಾಗುತ್ತದೆ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.